ಮ್ಯಾನ್ಮಾರ್‌ನಲ್ಲಿ ಚೀನಾದ ಬಂಡವಾಳ, ನಮ್ಮ ಆತಂಕ

ಉದ್ದಿನ ಧಾರಣೆ ಏರಿದಾಗಲೆಲ್ಲ ಮಂಡಿ ವರ್ತಕರ ಬಾಯಲ್ಲಿ ಬರ್ಮಾದ ಹೆಸರು ಕೇಳಿಬರುವುದು ವಾಡಿಕೆ. ಭಾರತಕ್ಕೆ ಆಮದಾಗುವ ಉದ್ದಿನ ದೊಡ್ಡ ಪಾಲು ಆ ನೆಲದ್ದೇ. ಆದರೆ 2021ರ ಫೆಬ್ರವರಿ 1ರ ಸೇನಾ ಕ್ಷಿಪ್ರಕ್ರಾಂತಿಯ ತರುವಾಯ ಒಳಜಗಳದಲ್ಲಿ ಬೇಯುತ್ತಿರುವ ಮ್ಯಾನ್ಮಾರ್‌ನಲ್ಲಿ ಚೀನಾ ಹೂಡಿರುವ ಬಂಡವಾಳದ ಬಗೆಗೆ ನಮ್ಮ ವಾಣಿಜ್ಯ ವಲಯದಲ್ಲಿ ಚರ್ಚೆ ನಡೆದದ್ದು ಕಡಿಮೆ.

ಚೀನಾಕ್ಕೆ ಬರುವ ಕಚ್ಚಾತೈಲದ ಬಹುಭಾಗ ಮಲಕ್ಕಾ ಜಲಸಂಧಿಯ ಮೂಲಕ ಸಾಗಬೇಕು. ಅದನ್ನು ತಪ್ಪಿಸಲೆಂದೇ ಬಂಗಾಳ ಕೊಲ್ಲಿಯ ಕ್ಯಾವ್‌ಪ್ಯುವಿನಿಂದ ಯುನ್ನಾನ್ ಪ್ರಾಂತ್ಯಕ್ಕೆ ಕೊಳವೆಮಾರ್ಗಗಳು ನಿರ್ಮಾಣಗೊಂಡವು. 2013ರಲ್ಲಿ ಅನಿಲ, 2017ರಲ್ಲಿ ತೈಲ ಹರಿಯತೊಡಗಿತು. ತೈಲಮಾರ್ಗದ ವಾರ್ಷಿಕ ಸಾಮರ್ಥ್ಯ 2.2 ಕೋಟಿ ಟನ್. ಚೀನಾದ ಒಟ್ಟು ಆಮದು 50 ಕೋಟಿ ಟನ್ನಿಗೂ ಮಿಕ್ಕಿರುವಾಗ ಇದು ಇಪ್ಪತ್ತನೆಯ ಒಂದು ಪಾಲೂ ಅಲ್ಲ. ಆದುದರಿಂದ ಇದನ್ನು ಪರ್ಯಾಯ ಮಾರ್ಗವೆನ್ನುವುದಕ್ಕಿಂತ ವಿಮೆಯ ಕಂತೆಂದು ತಿಳಿಯುವುದೇ ಲೇಸು. ನಿಜವಾದ ಬೆಲೆ ಇರುವುದು ಹಿಂದೂ ಮಹಾಸಾಗರಕ್ಕೆ ತೆರೆಯುವ ಬಾಗಿಲಿಗೆ.

ಸೇನಾಡಳಿತದ ಮೇಲಿನ ಮಮತೆಯಿಂದ ಚೀನಾ ಅದನ್ನು ಪೋಷಿಸುತ್ತಿದೆ ಎಂಬುದು ಅರ್ಧಸತ್ಯ. ಗಡಿಯ ಬಂಡುಕೋರ ಪಡೆಗಳೊಡನೆಯೂ ಅದಕ್ಕೆ ಖಾತೆಯುಂಟು. 2024ರ ಆಗಸ್ಟ್‌ನಲ್ಲಿ ಕೋಕಾಂಗ್ ಪಡೆ ಲಾಶಿಯೋ ನಗರವನ್ನು ಗೆದ್ದಾಗ ಚೀನಾ ಗಡಿದ್ವಾರಗಳನ್ನು ಮುಚ್ಚಿ ಒತ್ತಡ ಹೇರಿತು. 2025ರ ಏಪ್ರಿಲ್‌ನಲ್ಲಿ ಅದೇ ಪಡೆ ಗೆದ್ದ ನಗರವನ್ನು ಸೇನೆಗೆ ಮರಳಿ ಒಪ್ಪಿಸಿತು. ಯಾರು ಗೆದ್ದರೂ ಅಸಲು ಮುಳುಗಬಾರದು, ಅಷ್ಟೇ.

ಸಣ್ಣ ಉದ್ದಿಮೆದಾರರಿಗೆ ಇದು ನೇರವಾಗಿ ತಟ್ಟುವುದು ಕಚಿನ್ ರಾಜ್ಯದ ವಿರಳ ಭಸ್ಮ ಲೋಹಗಳ ಮೂಲಕ. ಮೋಟಾರುಗಳ ಅಯಸ್ಕಾಂತಕ್ಕೆ ಬೇಕಾದ ಡಿಸ್ಪ್ರೋಸಿಯಂ, ಟರ್ಬಿಯಂಗಳ ಅದಿರು ಅಲ್ಲಿಂದ ಚೀನಾಕ್ಕೆ ಹೋಗಿ, ಅಲ್ಲಿಯೇ ಶುದ್ಧಗೊಳ್ಳುತ್ತದೆ. 2024ರ ಅಕ್ಟೋಬರ್‌ನಲ್ಲಿ ಗಣಿಪ್ರದೇಶವಾದ ಪಾಂಗ್ವಾ ಕಚಿನ್ ಬಂಡುಕೋರರ ವಶವಾಯಿತು. 2025ರ ಏಪ್ರಿಲ್‌ನಲ್ಲಿ ಚೀನಾ ಈ ಲೋಹಗಳ ರಫ್ತಿಗೆ ಪರವಾನಗಿಯ ಕಟ್ಟುಪಾಡು ವಿಧಿಸಿದಾಗ ಭಾರತದ ವಾಹನ ತಯಾರಕರು ಅಯಸ್ಕಾಂತಗಳಿಗಾಗಿ ಪರದಾಡಬೇಕಾಯಿತು. ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಗೆ ತಿಂಗಳುಗಟ್ಟಲೆ ದಾಸ್ತಾನಿಡುವ ಶಕ್ತಿ ಎಲ್ಲಿಂದ ಬರಬೇಕು?

ಭಾರತದ ಕಲಾದಾನ್ ಯೋಜನೆಯ ಸಿತ್ವೆ ಬಂದರು 2023ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿತು. ಆದರೆ ಆ ಮಾರ್ಗದಲ್ಲಿರುವ ಪಲೇತ್ವಾ 2024ರ ಜನವರಿಯಲ್ಲಿ ಅರಾಕಾನ್ ಸೇನೆಯ ಕೈಸೇರಿತು. ನೇಪಿಡಾದೊಡನೆ ಮಾತ್ರ ಒಪ್ಪಂದ ಮಾಡಿಕೊಂಡು ಮಿಜೋರಾಂವರೆಗೆ ಸರಕು ಸಾಗಿಸಬಹುದೆಂಬ ಎಣಿಕೆಯನ್ನು ದೆಹಲಿ ಇನ್ನಾದರೂ ಕೈಬಿಡಬೇಕು. ದಾರಿ ಯಾರ ವಶದಲ್ಲಿದೆಯೋ ಅವರೊಡನೆಯೇ ಮಾತುಕತೆ ನಡೆಯಬೇಕಾಗಿದೆ.