ದೋಣಿಗಾಗಿ ಬಂದರೋ, ಬಂದರಿಗಾಗಿ ದೋಣಿಯೋ?

2027ರ ಜನವರಿಯಲ್ಲಿ ಸ್ಪೇನಿನ ಅಲಿಕಾಂಟೆ ಬಂದರಿನಿಂದ ಕೆಲವು ಹಾಯಿದೋಣಿಗಳು ಭೂಮಿಗೆ ಒಂದು ಸುತ್ತು ಹಾಕಲು ಹೊರಡಲಿವೆ. ‘ದಿ ಓಷನ್ ರೇಸ್’ ಎಂಬ ಈ ಸ್ಪರ್ಧೆಗೆ ಐವತ್ತು ವರ್ಷ ಮೀರಿದ ಇತಿಹಾಸವಿದೆ. ಐಪಿಎಲ್ ಅಂಕಪಟ್ಟಿ ಬಾಯಿಪಾಠ ಇರುವ ನಮ್ಮಲ್ಲಿ ಹಲವರಿಗೆ ಇದರ ಹೆಸರೂ ಗೊತ್ತಿರಲಿಕ್ಕಿಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಅದು ಮುಗಿಯಲಿರುವ ಜಾಗ. ಈ ಬಾರಿಯ ಅಂತಿಮ ಬಂದರು ಎಂದು ಘೋಷಣೆಯಾಗಿರುವುದು ಸೌದಿ ಅರೇಬಿಯಾದ ಕೆಂಪು ಸಮುದ್ರ ತೀರದ ಅಮಾಲಾ. ಅದು ಶ್ರೀಮಂತ ಪ್ರವಾಸಿಗರಿಗಾಗಿ ಕಟ್ಟುತ್ತಿರುವ ಹೊಸ ತಾಣ.

ಕೆಂಪು ಸಮುದ್ರಕ್ಕೆ ಇರುವುದು ಎರಡೇ ಬಾಗಿಲು. ಉತ್ತರದಲ್ಲಿ ಸೂಯೆಜ್ ಕಾಲುವೆ. ಅಲ್ಲಿ ಹಾಯಿ ಬಿಚ್ಚಿ ಸಾಗುವಂತಿಲ್ಲ. ದಕ್ಷಿಣದಲ್ಲಿ ಬಾಬ್ ಎಲ್ ಮಂದೆಬ್ ಜಲಸಂಧಿ. ಆ ಭಾಗದಲ್ಲಿ 2023ರ ಕೊನೆಯಿಂದ ಸರಕು ಹಡಗುಗಳ ಮೇಲೆ ಹೂತಿ ಬಂಡುಕೋರರು ದಾಳಿ ನಡೆಸಿದ್ದಾರೆ. ಗಾಳಿಯನ್ನೇ ನಂಬಿದ ಸ್ಪರ್ಧೆಯೊಂದು ಇಂಥ ಕಡೆ ಹೋಗಿ ಮುಗಿಯುವುದೇಕೆ? ಉತ್ತರ ಹುಡುಕುತ್ತ ಹೋದರೆ ಕ್ರೀಡೆಯ ಜೊತೆಗೆ ದುಡ್ಡಿನ ಕಥೆಯೂ ತೆರೆದುಕೊಳ್ಳುತ್ತದೆ.

ಮೊದಲ ಸ್ಪರ್ಧೆ ನಡೆದದ್ದು 1973ರಲ್ಲಿ. ಬ್ರಿಟನ್ನಿನ ಬಿಯರ್ ಕಂಪನಿ ವಿಟ್‌ಬ್ರೆಡ್ ಅದರ ಪ್ರಾಯೋಜಕ. ಪೋರ್ಟ್ಸ್‌ಮತ್‌ನಿಂದ ಹೊರಟ 17 ದೋಣಿಗಳು ಕೇಪ್‌ಟೌನ್, ಸಿಡ್ನಿ, ರಿಯೊ ಡಿ ಜನೈರೊ ಮುಟ್ಟಿ ಪೋರ್ಟ್ಸ್‌ಮತ್‌ಗೇ ಮರಳಬೇಕಿತ್ತು. ಈ ಹಾದಿಯನ್ನು ಯಾರೋ ಕಚೇರಿಯಲ್ಲಿ ಕುಳಿತು ಕಂಡುಹಿಡಿದದ್ದಲ್ಲ. ದಕ್ಷಿಣ ಗೋಳಾರ್ಧದಲ್ಲಿ 40 ಡಿಗ್ರಿ ಅಕ್ಷಾಂಶದ ಆಚೆ ಅಡ್ಡ ಬರುವ ನೆಲ ಬಹಳ ಕಡಿಮೆ. ಪಶ್ಚಿಮ ಮಾರುತಗಳು ಅಲ್ಲಿ ವರ್ಷವಿಡೀ ಭೂಮಿಯನ್ನು ಸುತ್ತುತ್ತವೆ. ಹಳೆಯ ಸರಕು ಹಾಯಿಹಡಗುಗಳು ಹಿಡಿಯುತ್ತಿದ್ದ ದಾರಿ ಅದೇ. ದೋಣಿಗೆ ದುರಸ್ತಿ, ದಿನಸಿ, ವಿಶ್ರಾಂತಿ ಬೇಕಾದಾಗ ಬಂದರು. ಹಣ ಆಗಲೂ ಕಂಪನಿಯದೇ, ಆದರೆ ಹಾದಿ ಗಾಳಿಯದಾಗಿತ್ತು. ಅಪಾಯ ಆಗಲೂ ಇತ್ತು: ಆ ಮೊದಲ ಸ್ಪರ್ಧೆಯಲ್ಲೇ ಮೂವರು ನಾವಿಕರು ಸಮುದ್ರದ ಪಾಲಾದರು.

ಈ ಸ್ಪರ್ಧೆಯ ಲೆಕ್ಕಾಚಾರ ಸ್ವಲ್ಪ ವಿಚಿತ್ರ. ಗೆದ್ದವರಿಗೆ ಟ್ರೋಫಿ ಉಂಟು, ನಗದು ಬಹುಮಾನ ಇಲ್ಲ. ಸಮುದ್ರದ ನಡುವೆ ಟಿಕೆಟ್ ಮಾರಲು ಗ್ಯಾಲರಿಯೂ ಇಲ್ಲ. ಹಣ ಬರುವುದು ಪ್ರಾಯೋಜಕರಿಂದ ಮತ್ತು ಆತಿಥ್ಯಕ್ಕೆ ಶುಲ್ಕ ಕಟ್ಟುವ ಬಂದರು ನಗರಗಳಿಂದ. ನಗರಗಳಿಗೆ ಬೇಕಾದದ್ದು ಪ್ರವಾಸಿಗರು ಮತ್ತು ಟಿವಿಯಲ್ಲಿ ಊರಿನ ಹೆಸರು. ಹೀಗಾಗಿ ಸ್ವೀಡನ್ನಿನ ವೋಲ್ವೊ ಈ ಸ್ಪರ್ಧೆಯನ್ನು ವಹಿಸಿಕೊಂಡ ಮೇಲೆ ಹಾದಿ ಮೆಲ್ಲಗೆ ಉತ್ತರಕ್ಕೆ, ಏಷ್ಯಾದ ಮಾರುಕಟ್ಟೆಗಳ ಕಡೆಗೆ ಬಾಗಿತು.

ಹಾಗೆ ಬಾಗಿದ್ದರಿಂದಲೇ ಅದು ಭಾರತಕ್ಕೂ ಬಂತು. 2008–09ರ ಸ್ಪರ್ಧೆಯಲ್ಲಿ ದೋಣಿಗಳು ಕೇಪ್‌ಟೌನ್‌ನಿಂದ ನೇರವಾಗಿ ಕೊಚ್ಚಿಗೆ ಬಂದವು. ಮುಂಬೈ ದಾಳಿ ನಡೆದು ದಿನಗಳಷ್ಟೇ ಕಳೆದಿದ್ದರಿಂದ ಬಿಗಿ ಭದ್ರತೆ ಇತ್ತು. ಡಿಸೆಂಬರ್‌ನಲ್ಲಿ ಅಲ್ಲಿಂದ ಹೊರಟು, ಹಡಗುಗಳಿಂದ ಗಿಜಿಗುಡುವ ಮಲಕ್ಕಾ ಜಲಸಂಧಿ ದಾಟಿ ಸಿಂಗಪುರ ತಲುಪಿದವು. ಆಮೇಲೆ ಕೊಚ್ಚಿಯ ಸರದಿ ಮತ್ತೆ ಬರಲಿಲ್ಲ.

ಮುಂದಿನ ಸ್ಪರ್ಧೆಯಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ನಡೆಯಿತು. 2011–12ರಲ್ಲಿ ಕೇಪ್‌ಟೌನ್ ನಂತರದ ನಿಲ್ದಾಣ ಅಬುಧಾಬಿ. ನಡುವೆ ಸೊಮಾಲಿಯಾದ ಕಡಲ್ಗಳ್ಳರ ಭಯ. ಸಂಘಟಕರು ಏನು ಮಾಡಿದರು ಗೊತ್ತೇ? ದೋಣಿಗಳನ್ನು ಮಾಲ್ಡೀವ್ಸ್‌ನಲ್ಲಿ ದೊಡ್ಡ ಹಡಗೊಂದಕ್ಕೆ ಹೇರಿ, ಶಾರ್ಜಾ ಬಳಿ ಇಳಿಸಿ, ಅಲ್ಲಿಂದ ಅಬುಧಾಬಿಗೆ ಪುಟ್ಟ ಓಟ ನಡೆಸಿದರು. ಹಾಯಿದೋಣಿಯ ವಿಶ್ವಪರ್ಯಟನೆಯಲ್ಲಿ ದೋಣಿಯೇ ಸರಕಾಗಿ ಸಾಗಿತು! ಅಬುಧಾಬಿಯನ್ನು ಕೈಬಿಡುವ ಮಾತು ಮಾತ್ರ ಬರಲಿಲ್ಲ.

2014ರ ನವೆಂಬರ್ 29ರಂದು, ಮತ್ತೆ ಕೇಪ್‌ಟೌನ್–ಅಬುಧಾಬಿ ಹಂತದಲ್ಲೇ, ‘ಟೀಮ್ ವೆಸ್ಟಾಸ್ ವಿಂಡ್’ ದೋಣಿ ಮಾರಿಷಸ್‌ನ ಉತ್ತರಕ್ಕಿರುವ ಕಾರ್ಗಡೋಸ್ ಕರಜೋಸ್ ಹವಳದಿಬ್ಬಕ್ಕೆ ಕತ್ತಲಲ್ಲಿ ಅಪ್ಪಳಿಸಿತು. ಒಂಬತ್ತು ಮಂದಿಯೂ ಬದುಕಿದರು. ಬಿಇ ಓದುತ್ತಿರುವ ನನ್ನನ್ನು ತಡೆದು ನಿಲ್ಲಿಸಿದ್ದು ಇದರ ಕಾರಣ. ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ಆ ದಿಬ್ಬ ಇತ್ತು. ಆದರೆ ಜೂಮ್ ಮಾಡಿದರಷ್ಟೇ ಅದರ ನಿಜರೂಪ ಕಾಣುತ್ತಿತ್ತು. ಹಂತ ಶುರುವಾಗುವ ಹೊತ್ತಿಗೆ ನಿಷೇಧಿತ ವಲಯದ ಗಡಿ ಬದಲಾಗಿ ಹೊಸ ಹಾದಿ ತೆರೆದುಕೊಂಡಿತ್ತು. ಆ ಹಾದಿಯನ್ನು ಹತ್ತಿರದಿಂದ ಪರಿಶೀಲಿಸುವ ಕೆಲಸ ತಪ್ಪಿಹೋಗಿತ್ತು. ದತ್ತಾಂಶದ ಕೊರತೆ ಇರಲಿಲ್ಲ, ಅದನ್ನು ನೋಡಿದ ಎತ್ತರ ತಪ್ಪಾಗಿತ್ತು.

ಇಷ್ಟರವರೆಗೆ ನಷ್ಟ ಸ್ಪರ್ಧಿಗಳದೇ. 2018ರ ಜನವರಿಯಲ್ಲಿ ಅದು ಬದಲಾಯಿತು. ಮೆಲ್ಬರ್ನ್‌ನಿಂದ ಹಾಂಗ್‌ಕಾಂಗ್‌ಗೆ ಬರುತ್ತಿದ್ದ ಸ್ಪರ್ಧೆಯ ದೋಣಿಯೊಂದು, ಗುರಿಗೆ ಸುಮಾರು 30 ನಾಟಿಕಲ್ ಮೈಲಿ ಇರುವಾಗ, ನಡುರಾತ್ರಿ ದಾಟಿದ ಹೊತ್ತಿನಲ್ಲಿ ಚೀನಾದ ಮೀನುಗಾರಿಕಾ ದೋಣಿಗೆ ಡಿಕ್ಕಿ ಹೊಡೆಯಿತು. ಮೀನುಗಾರರ ದೋಣಿ ಮುಳುಗಿತು. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯನ್ನು ಹತ್ತಿರದ ಹಡಗು ಕಾಪಾಡಿತು. ಒಬ್ಬರು ಉಳಿಯಲಿಲ್ಲ.

ಇಲ್ಲಿ ಒಂದು ಸರಳ ಲೆಕ್ಕ ಹಾಕಬಹುದು. 20 ನಾಟ್ ವೇಗದ ದೋಣಿ ಸೆಕೆಂಡಿಗೆ ಸುಮಾರು 10 ಮೀಟರ್ ಸಾಗುತ್ತದೆ. ಅರ್ಧ ಕಿ.ಮೀ. ದೂರದಲ್ಲಿ ಮೀನುಗಾರರ ದೀಪ ಕಂಡರೆ ಕೈಯಲ್ಲಿರುವುದು 50 ಸೆಕೆಂಡ್. ಅಷ್ಟರೊಳಗೆ ದೊಡ್ಡ ಹಾಯಿಗಳನ್ನು ಸಂಭಾಳಿಸಿ ದಿಕ್ಕು ಬದಲಿಸಬೇಕು. ಅಪಘಾತದ ನಂತರ, ದಟ್ಟ ಸಂಚಾರದ ಸಮುದ್ರದಲ್ಲಿ ರಾತ್ರಿ ಸ್ಪರ್ಧೆ ನಡೆಸುವ ಬಗ್ಗೆ ಸಂಘಟಕರು ಸ್ವತಂತ್ರ ತಜ್ಞರಿಂದ ವರದಿ ಮಾಡಿಸಿದರು. ಒಳ್ಳೆಯದೇ. ಆದರೆ ಹಾಂಗ್‌ಕಾಂಗ್ ಸುತ್ತ ರಾತ್ರಿ ಮೀನುಗಾರರು ಇರುತ್ತಾರೆ ಎಂಬುದು ಅಪಘಾತವಾದ ಮೇಲೆ ತಿಳಿದ ಸಂಗತಿಯೇನಲ್ಲ.

ಅದೇ ಸ್ಪರ್ಧೆಯಲ್ಲಿ, ಎರಡು ತಿಂಗಳ ನಂತರ, ಜಾನ್ ಫಿಶರ್ ಎಂಬ ಬ್ರಿಟಿಷ್ ನಾವಿಕ ದಕ್ಷಿಣ ಮಹಾಸಾಗರದಲ್ಲಿ ದೋಣಿಯಿಂದ ಬಿದ್ದು ಕಣ್ಮರೆಯಾದರು. ಎರಡೂ ಸಾವು ಸಾವೇ. ಆದರೆ ಫಿಶರ್ ಅಪಾಯ ಏನೆಂದು ಗೊತ್ತಿದ್ದು, ಅದನ್ನು ಒಪ್ಪಿಕೊಂಡು ಹೊರಟವರು. ಆ ಮೀನುಗಾರ ಯಾವ ಸ್ಪರ್ಧೆಗೂ ಹೆಸರು ಕೊಟ್ಟಿರಲಿಲ್ಲ. ತನ್ನ ಹೊಟ್ಟೆಪಾಡಿನ ಕೆಲಸದಲ್ಲಿದ್ದರು, ಅಷ್ಟೆ. ಹಾದಿ ಬಾಗಿದಾಗ ಅಪಾಯವೂ ಬಾಗುತ್ತದೆ. ಅದನ್ನು ಆಯ್ದುಕೊಳ್ಳದವರ ಮೇಲೆ ಹೋಗಿ ಬೀಳುತ್ತದೆ. ನನ್ನ ತಕರಾರು ಇರುವುದು ಇಲ್ಲಿ.

ಇದಕ್ಕೆ ಎದುರು ವಾದವೂ ಇದೆ, ಅದು ಹಗುರವಾದದ್ದಲ್ಲ. ಪ್ರಾಯೋಜಕರಿಲ್ಲದೆ ಈ ಸ್ಪರ್ಧೆಯೇ ಇಲ್ಲ. ಏಷ್ಯಾಕ್ಕೆ ಬಂದಿದ್ದರಿಂದ ಚೀನಾದ ಯುವ ನಾವಿಕರಿಗೆ ಅವಕಾಶ ಸಿಕ್ಕಿತು. 2017–18ರಲ್ಲಿ ಗೆದ್ದದ್ದು ಚೀನಾದ ವಾಹನ ಕಂಪನಿ ಬೆಂಬಲಿಸಿದ ಡಾಂಗ್‌ಫೆಂಗ್ ತಂಡವೇ. ಬ್ರೆಜಿಲ್‌ನ ಇಟಜಾಯಿಯಂಥ ಬಂದರು 2012ರಿಂದ 2023ರವರೆಗೆ ನಾಲ್ಕು ಬಾರಿ ಆತಿಥ್ಯ ವಹಿಸಿದೆ. ಲಾಭವೇ ಇಲ್ಲದಿದ್ದರೆ ಮತ್ತೆ ಮತ್ತೆ ಕರೆಯುತ್ತಿರಲಿಲ್ಲ. ಆ ಬಂದರು ಹಳೆಯ ಗಾಳಿಯ ಹಾದಿಯಲ್ಲೇ ಸಿಗುತ್ತದೆ ಎಂಬುದನ್ನೂ ಗಮನಿಸಬೇಕು.

2022–23ರಲ್ಲಿ ಹಾದಿ ಹಳೆಯ ರೂಪಕ್ಕೆ ಮರಳಿತ್ತು. ಕೋವಿಡ್ ನಿರ್ಬಂಧಗಳಿಂದಾಗಿ ಚೀನಾ ಮತ್ತು ನ್ಯೂಜಿಲೆಂಡ್ ನಿಲ್ದಾಣಗಳು ರದ್ದಾಗಿ, ಕೇಪ್‌ಟೌನ್‌ನಿಂದ ಇಟಜಾಯಿವರೆಗೆ 12,750 ನಾಟಿಕಲ್ ಮೈಲಿಗಳ ಒಂದೇ ಹಂತ ಉಳಿಯಿತು. ಇದು ಸ್ಪರ್ಧೆಯ ಚರಿತ್ರೆಯಲ್ಲೇ ಅದುವರೆಗಿನ ಅತಿ ಉದ್ದದ ಹಂತ. ಐದು ದೋಣಿ, ಒಂದೊಂದರಲ್ಲಿ ನಾಲ್ವರು ನಾವಿಕರು ಮತ್ತು ಒಬ್ಬ ವರದಿಗಾರ. ಆರಂಭದಲ್ಲೇ ಬಿರುಕು ಬಿಟ್ಟ ಕೂವೆಮರವನ್ನು ಸಮುದ್ರದ ನಡುವೆಯೇ ದುರಸ್ತಿ ಮಾಡಿಕೊಂಡ ‘ಟೀಮ್ ಮಲಿಜಿಯಾ’ ಆ ಹಂತವನ್ನು ಗೆದ್ದಿತು. ಮಾರುಕಟ್ಟೆಗೆ ಸುತ್ತಿಬಳಸಿ ಹೋಗದೆಯೂ ರೋಚಕ ಸ್ಪರ್ಧೆ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮದೇ ಉದಾಹರಣೆಯೂ ಇದೆ. ಹಾಂಗ್‌ಕಾಂಗ್ ಅಪಘಾತ ನಡೆದ ವಾರದಲ್ಲೇ ಭಾರತೀಯ ನೌಕಾಪಡೆಯ ‘ತಾರಿಣಿ’ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟುತ್ತಿತ್ತು. ಗೋವಾದಲ್ಲಿ ಕಟ್ಟಿದ ದೋಣಿ. ಲೆಫ್ಟಿನೆಂಟ್ ಕಮಾಂಡರ್ ವರ್ತಿಕಾ ಜೋಶಿ ಮುಂದಾಳತ್ವದಲ್ಲಿ ಆರು ಮಹಿಳಾ ಅಧಿಕಾರಿಗಳು. ಫ್ರಿಮ್ಯಾಂಟಲ್, ಲಿಟಲ್‌ಟನ್, ಪೋರ್ಟ್ ಸ್ಟಾನ್ಲಿ, ಕೇಪ್‌ಟೌನ್ ಅವರ ನಿಲ್ದಾಣಗಳು. ಕೊನೆಯ ಹಂತದಲ್ಲಿ ಚುಕ್ಕಾಣಿ ಕೈಕೊಟ್ಟಾಗ ಮಾರಿಷಸ್‌ನಲ್ಲೂ ನಿಂತರು. ಅದು ಸ್ಪರ್ಧೆಯಲ್ಲ, ಸರ್ಕಾರಿ ಖರ್ಚಿನ ಯಾನ, ಹೋಲಿಕೆಗೆ ಮಿತಿಯಿದೆ. ಆದರೂ ಅಲ್ಲಿ ಬಂದರುಗಳಿದ್ದದ್ದು ದೋಣಿಗಾಗಿ.

ಭಾರತ ಇಂದು ದೊಡ್ಡ ದೊಡ್ಡ ಕ್ರೀಡಾಕೂಟಗಳ ಆತಿಥ್ಯಕ್ಕೆ ಉತ್ಸಾಹ ತೋರುತ್ತಿದೆ. ನಾಳೆ ಪಶ್ಚಿಮ ಕರಾವಳಿಯ ಯಾವುದೋ ರಾಜ್ಯ ಇಂಥ ಸ್ಪರ್ಧೆಯನ್ನು ಕರೆತರಲೂಬಹುದು. ಬರಲಿ. ಬಂದರೆ ಹೋಟೆಲ್, ದೋಣಿ ದುರಸ್ತಿ, ಇವೆಂಟ್ ಮ್ಯಾನೇಜ್‌ಮೆಂಟ್ ಎಂದು ನಮ್ಮ ವಯಸ್ಸಿನವರಿಗೆ ಒಂದಿಷ್ಟು ಕೆಲಸವೂ ಸಿಕ್ಕೀತು. ಆದರೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳೋಣ. ಕೊಟ್ಟ ಶುಲ್ಕಕ್ಕೆ ಪ್ರತಿಯಾಗಿ ದೋಣಿಗಳು ಹೋದ ಮೇಲೂ ಉಳಿಯುವುದೇನು? ಆ ಲೆಕ್ಕವನ್ನು ಜನರ ಮುಂದೆ ಇಡುವವರು ಯಾರು? ಮತ್ತು ಎಲ್ಲಕ್ಕಿಂತ ಮೊದಲು, ಆ ರಾತ್ರಿ ಕಡಲಿನಲ್ಲಿ ಬಲೆ ಬೀಸಿ ಕುಳಿತವರಿಗೆ ಯಾವ ದೋಣಿ, ಯಾವ ವೇಗದಲ್ಲಿ, ಯಾವ ದಾರಿಯಲ್ಲಿ ಬರುತ್ತದೆಂದು ಹೇಳಿದ್ದೇವೆಯೇ? ಮೂರನೆಯದಕ್ಕೆ ಉತ್ತರ ಹುಡುಕಬೇಕಾದ ಜಾಗ ಐಷಾರಾಮಿ ಹೋಟೆಲಿನ ಸಭಾಂಗಣವಲ್ಲ, ಮೀನುಗಾರರ ದಕ್ಕೆ. ಅಲ್ಲಿಗೆ ಹೋಗಿ ಕೇಳಿದ ಮೇಲೆಯೇ ನಕ್ಷೆಯ ಮೇಲೆ ಗೆರೆ ಎಳೆಯಲಿ.