ಪಾಕಶಾಲೆಯಿಂದ: ಒಂದು ಫ್ರಿಟಾಟಾ, ಒಂದು ಚೀಟಿ



ಎರಡು ವರ್ಷಗಳಿಗೊಮ್ಮೆ ನಾವೆಲ್ಲ ಒಂದೆಡೆ ಕಲೆತಾಗ ಹೊರಬರುವ ಈ ಸ್ಮರಣಸಂಚಿಕೆಯಲ್ಲಿ ಪಾಕಶಾಲೆಯ ಪುಟಗಳು ಸಾಮಾನ್ಯವಾಗಿ ಊರಿನ ತಿನಿಸುಗಳಿಗೇ ಮೀಸಲು. ಈ ಬಾರಿ ಆ ವಾಡಿಕೆಯನ್ನು ಮುರಿದು, ಸಿಂಗಪುರದ ನನ್ನ ಪುಟ್ಟ ಅಡುಗೆಮನೆಯಿಂದ ಇಟಲಿಯ ಮೊಟ್ಟೆಯ ಖಾದ್ಯವೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಇದಕ್ಕೆ ಕಾರಣವೂ ಉಂಟು. ಅದನ್ನು ಆಮೇಲೆ ಹೇಳುತ್ತೇನೆ.

ಫ್ರಿಟಾಟಾ ಎಂಬ ಹೆಸರು 'ಕರಿ' ಎಂಬರ್ಥದ ಇಟಾಲಿಯನ್ ಧಾತುವಿನಿಂದ ಬಂದದ್ದು. ಮೊಟ್ಟೆಗಳನ್ನು ಕದಡಿ, ಅದರಲ್ಲಿ ಸೊಪ್ಪು, ಈರುಳ್ಳಿ, ಆಲೂಗೆಡ್ಡೆ, ಚೀಸ್ ಮೊದಲಾದುವನ್ನು ಬೆರೆಸಿ, ದಪ್ಪನೆಯ ರೊಟ್ಟಿಯ ಆಕಾರದಲ್ಲಿ ಬೇಯಿಸಿದರೆ ಅದೇ ಫ್ರಿಟಾಟಾ. ನಮಗೆ ಪರಿಚಿತವಾದ ಆಮ್ಲೆಟ್ಟಿನಂತೆ ಇದನ್ನು ಮಡಿಸುವುದಿಲ್ಲ. ದೊಡ್ಡ ಉರಿಯಲ್ಲಿ ಅವಸರದಿಂದ ಬೇಯಿಸುವುದೂ ಇಲ್ಲ. ಇಟಲಿಯ ಹಳೆಯ ಮನೆಗಳಲ್ಲಿ ಇದು ಸಣ್ಣ ಉರಿಯ ಮೇಲಿನ ಬಾಣಲೆಯಲ್ಲೇ ಬೆಂದು, ತಟ್ಟೆಯೊಂದರ ನೆರವಿನಿಂದ ಮಗುಚಿಕೊಳ್ಳುತ್ತಿತ್ತು. ಮಗುಚುವ ಗೊಡವೆಯೇ ಬೇಡವೆನ್ನುವವರಿಗೆ ಓವನ್ನಿನ ಮಾರ್ಗವಿದೆ. 1891ರಲ್ಲಿ ಪ್ರಕಟವಾದ ಪೆಲ್ಲೆಗ್ರಿನೊ ಆರ್ತೂಸಿಯ ಪ್ರಸಿದ್ಧ ಪಾಕಗ್ರಂಥದಲ್ಲಿ ಈ ಖಾದ್ಯಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆಯಿದೆ: ಮೊಟ್ಟೆಯನ್ನು ಅತಿಯಾಗಿ ಕಡೆಯಬಾರದು; ಬಿಳಿಯ ಲೋಳೆ ಹಳದಿಯೊಡನೆ ಒಂದಾದೊಡನೆ ಕೈ ನಿಲ್ಲಿಸಬೇಕು. ನೂರಮೂವತ್ತು ವರ್ಷಗಳು ಕಳೆದರೂ ಈ ಮಾತಿಗೆ ಚ್ಯುತಿ ಬಂದಿಲ್ಲ. ಹೆಚ್ಚು ಕಡೆದರೆ ಗಾಳಿ ಸೇರಿ ಓವನ್ನಿನಲ್ಲಿ ಭರ್ಜರಿಯಾಗಿ ಉಬ್ಬುತ್ತದೆ, ಹೊರಗೆ ತೆಗೆದ ಕೂಡಲೆ ಕುಸಿಯುತ್ತದೆ.

ಸಿಂಗಪುರದಲ್ಲಿ ಮೊಟ್ಟೆಗೆ ಬರವಿಲ್ಲ. ಇಲ್ಲಿಯ ಸಾಕಣೆಕೇಂದ್ರಗಳು ಒಂದು ಪಾಲನ್ನು ಒದಗಿಸಿದರೆ, ಬಹುಪಾಲು ಹೊರಗಿನಿಂದ, ಮುಖ್ಯವಾಗಿ ನೆರೆಯ ಮಲೇಷ್ಯಾದಿಂದ ಬರುತ್ತದೆ. ಬೆಳಗಿನ ಕೋಪಿಟಿಯಮ್ಮಿನಲ್ಲಿ ಅರೆಬೆಂದ ಮೊಟ್ಟೆಗೆ ಸೋಯಾ ರಸ, ಮೆಣಸಿನಪುಡಿ ಉದುರಿಸಿ, ಪಕ್ಕದಲ್ಲಿ ಕಾಯಾ ಸವರಿದ ಬ್ರೆಡ್ಡನ್ನಿಟ್ಟುಕೊಂಡು ಕುಳಿತವರನ್ನು ಯಾರು ಕಂಡಿಲ್ಲ? ಆ ಕಾಯಾ ಕೂಡ ತೆಂಗಿನಹಾಲು, ಸಕ್ಕರೆ, ಪಂಡನ್ ಎಲೆ ಹಾಗೂ ಮೊಟ್ಟೆಯ ಪಾಕವೇ. ಕ್ಯಾರೆಟ್ಟೇ ಇಲ್ಲದ 'ಕ್ಯಾರೆಟ್ ಕೇಕ್' ಎಂಬುದು ಬಿಳಿ ಮೂಲಂಗಿ ಹಾಗೂ ಅಕ್ಕಿಹಿಟ್ಟಿನ ಹಲ್ಲೆಗಳನ್ನು ಮೊಟ್ಟೆಯೊಡನೆ ಹುರಿದ ತಿನಿಸು. ಊರಿನಿಂದ ಬಂದ ನಮ್ಮ ಹಿರಿಯರು ಹೆಸರು ಕೇಳಿ ಮೋಸಹೋಗುವುದು ಇಂಥ ಕಡೆಯಲ್ಲೇ.

ಇನ್ನು ಸೊಪ್ಪಿನ ವಿಚಾರ. ಸೆರಂಗೂನ್ ರಸ್ತೆಯ ಟೆಕ್ಕಾ ಮಾರುಕಟ್ಟೆಗೆ ಹೋದವರಿಗೆ ತವರಿನ ಅಂಗಳಕ್ಕೆ ಹೋದಷ್ಟೇ ಸಮಾಧಾನ. ಮಲಯ ಭಾಷೆಯಲ್ಲಿ ಬಯಮ್ ಎನ್ನುವುದು ನಮ್ಮ ಹರಿವೆ ಸೊಪ್ಪಿನ ಬಳಗಕ್ಕೇ ಸೇರಿದ್ದು. ಇಲ್ಲಿಯ ಚೀನೀ ಸಮುದಾಯದವರು ಮಾನಿ ಚಾಯ್ ಎಂದೂ ಮಲಯರು ಚೆಕುರ್ ಮಾನಿಸ್ ಎಂದೂ ಕರೆಯುವ ಸೊಪ್ಪನ್ನು ಕೈಗೆತ್ತಿಕೊಂಡು ನೋಡಿರಿ; ಅದು ನಮ್ಮ ಹಿತ್ತಿಲ ಚಕ್ರಮುನಿಯೇ! ಬಾನ್ ಮಿಯನ್ ಎಂಬ ಶಾವಿಗೆಯ ಸಾರಿನಲ್ಲಿ ಈ ಸೊಪ್ಪೂ ಮೊಟ್ಟೆಯೂ ಜೊತೆಯಾಗಿಯೇ ಬರುತ್ತವೆ. ಆದುದರಿಂದ ಚಕ್ರಮುನಿಯ ಫ್ರಿಟಾಟಾ ಎಂದರೆ ಅಷ್ಟೇನೂ ವಿಚಿತ್ರವಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಈ ಸೊಪ್ಪನ್ನು ಬೇಯಿಸಿಯೇ, ಮಿತವಾಗಿ ತಿನ್ನಬೇಕು. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ನಿತ್ಯ ಕುಡಿದ ಅನೇಕರಿಗೆ ಶ್ವಾಸಕೋಶದ ಗಂಭೀರ ವ್ಯಾಧಿ ತಗುಲಿತು.

ಈಗ ವಿಧಾನಕ್ಕೆ ಬರೋಣ. ಆರು ಜನರಿಗೆ 8 ಮೊಟ್ಟೆ, 4 ದೊಡ್ಡ ಚಮಚ ಹಾಲು, 200 ಗ್ರಾಂ ಸೊಪ್ಪು, ಒಂದು ದೊಡ್ಡ ಈರುಳ್ಳಿ, ಬೇಯಿಸಿದ ಒಂದು ಆಲೂಗೆಡ್ಡೆ, 40 ಗ್ರಾಂ ತುರಿದ ಚೀಸ್, 2 ದೊಡ್ಡ ಚಮಚ ಎಣ್ಣೆ, ಉಪ್ಪು, ಮೆಣಸಿನಪುಡಿ. ಪಾತ್ರೆಯ ಅಗಲ 22 ಸೆಂಟಿಮೀಟರ್ ಇದ್ದರೆ ಸಾಕು. ಇಲ್ಲೊಂದು ಸೂಕ್ಷ್ಮವಿದೆ. ಮೊಟ್ಟೆ ತಿಂದರೂ ಮಾಂಸ ಮುಟ್ಟದವರು ಚೀಸಿನ ಹೊದಿಕೆಯನ್ನು ಓದಿಯೇ ಕೊಳ್ಳಬೇಕು. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಜಠರದಿಂದ ತೆಗೆದ ರೆನೆಟ್ಟಿನಿಂದಲೇ ಹೆಪ್ಪುಗಟ್ಟಿಸಬೇಕೆಂಬುದು ಅಲ್ಲಿಯ ನಿಯಮ. ಸಸ್ಯಾಹಾರಕ್ಕೆ ಯೋಗ್ಯವೆಂದು ನಮೂದಿಸಿದ ಬೇರೆ ಚೀಸನ್ನಾಗಲಿ, ಪನೀರನ್ನಾಗಲಿ ಬಳಸಿದರೆ ರುಚಿಗೆ ಕೊರತೆಯಾಗದು.

ಮೊದಲು ಈರುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ, ಸೊಪ್ಪನ್ನು ಹಾಕಿ, ನೀರು ಪೂರ್ತಿ ಇಂಗುವ ತನಕ ಹುರಿಯಿರಿ. ಅನಂತರ ಆರಗೊಟ್ಟು ಹಿಂಡಿರಿ. ನನ್ನ ಮೊದಲ ಪ್ರಯತ್ನ ಹಾಳಾದುದು ಈ ಹಂತದಲ್ಲಿ. ಹರಿವೆಯನ್ನು ಹಿಂಡದೆ ಸುರಿದುಬಿಟ್ಟಿದ್ದೆ. ಕೊಯ್ದು ನೋಡಿದರೆ ತಳದಲ್ಲಿ ಹಸಿರು ನೀರು ನಿಂತಿತ್ತು. ಆಮೇಲೆ ಮೊಟ್ಟೆಗೆ ಹಾಲು, ಉಪ್ಪು, ಮೆಣಸು ಸೇರಿಸಿ ಮುಳ್ಳುಚಮಚದಿಂದ ಕದಡಿ, ಸೊಪ್ಪು, ಆಲೂಗೆಡ್ಡೆ, ಚೀಸ್ ಬೆರೆಸಿ, ಎಣ್ಣೆ ಸವರಿದ ಪಾತ್ರೆಗೆ ಹೊಯ್ಯಿರಿ. 180 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾದ ಓವನ್ನಿನಲ್ಲಿ 20ರಿಂದ 25 ನಿಮಿಷ ಸಾಕು.

ಇಲ್ಲಿಯ ಎಷ್ಟೋ ಎಚ್.ಡಿ.ಬಿ. ಮನೆಗಳಲ್ಲಿ ದೊಡ್ಡ ಓವನ್ ಇರುವುದಿಲ್ಲ. ಕಟ್ಟೆಯ ಮೇಲಿಡುವ ಪುಟ್ಟ ಓವನ್ನೇ ಗತಿ. ಅದರಲ್ಲಿ ಮೇಲಿನ ಕಾವಿನ ಸರಳು ಖಾದ್ಯಕ್ಕೆ ತೀರ ಹತ್ತಿರವಿರುವುದರಿಂದ ನಡುಭಾಗ ಬೇಯುವ ಮುನ್ನವೇ ಮೇಲ್ಮೈ ಕರಕಲಾಗುತ್ತದೆ. ಪಾತ್ರೆಯನ್ನು ಕೆಳಗಿನ ಅಂತಸ್ತಿನಲ್ಲಿಟ್ಟು, ಮೊದಲ 15 ನಿಮಿಷ ಅಲ್ಯೂಮಿನಿಯಮ್ ಹಾಳೆಯನ್ನು ಸಡಿಲವಾಗಿ ಮುಚ್ಚಿರಿ. ಕೆಂಡವನ್ನು ಮುಚ್ಚಳದ ಮೇಲೂ ಹರಡಿ ಬೇಯಿಸುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಮೇಲಿನ ಕಾವು ಕೆಳಗಿನ ಕಾವುಗಳ ಈ ಲೆಕ್ಕಾಚಾರವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಮೊಟ್ಟೆಯ ಬಿಳಿ ಸುಮಾರು 62 ಡಿಗ್ರಿಯಲ್ಲಿ ಗಟ್ಟಿಯಾಗತೊಡಗಿದರೆ, ಹಳದಿಗೆ ಅದಕ್ಕಿಂತ ತುಸು ಹೆಚ್ಚು ಕಾವು ಬೇಕು. ನಡುಭಾಗ 71 ಡಿಗ್ರಿ ಮುಟ್ಟಿದರೆ ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಭಯವಿಲ್ಲ. ಮಾಪಕವಿಲ್ಲದವರು ಪಾತ್ರೆಯನ್ನು ಮೆಲ್ಲಗೆ ಅಲುಗಿಸಿ ನೋಡಬಹುದು. ನಡುವೆ ದ್ರವ ತುಳುಕಬಾರದು, ಗಟ್ಟಿ ಮೊಸರಿನಂತೆ ತುಸು ನಡುಗಬೇಕು. ಅದಕ್ಕೂ ಮೀರಿ ಬೇಯಿಸಿದರೆ ಸಸಾರಜನಕದ ಎಳೆಗಳು ಬಿಗಿದುಕೊಂಡು ಒಳಗಿನ ನೀರನ್ನು ಹೊರಹಾಕುತ್ತವೆ, ಖಾದ್ಯ ರಬ್ಬರಿನಂತಾಗುತ್ತದೆ. ಹತ್ತು ನಿಮಿಷ ಆರಿದ ಮೇಲೆ ಕೊಯ್ಯುವುದು ಒಳ್ಳೆಯದು. ಈ ಊರಿನ ಸೆಕೆಯಲ್ಲಿ ಎರಡು ತಾಸಿಗಿಂತ ಹೆಚ್ಚು ಹೊತ್ತು ಹೊರಗಿಡುವುದು ತರವಲ್ಲ.

ಇನ್ನು, ಆರಂಭದಲ್ಲಿ ಹೇಳಿದ ಕಾರಣ. ಇಟಾಲಿಯನ್ನರ ಆಡುಮಾತಿನಲ್ಲಿ 'ಫ್ರಿಟಾಟಾ ಮಾಡಿಬಿಟ್ಟೆ' ಎಂದರೆ ಸರಿಪಡಿಸಲಾಗದ ಎಡವಟ್ಟು ಮಾಡಿದೆ ಎಂದರ್ಥ. ಅದನ್ನು ನಾನು ಅಕ್ಷರಶಃ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ದೀಪಾವಳಿಯ ಸಂಜೆ, ಮನೆಮನೆಯಿಂದ ಒಂದೊಂದು ಅಡುಗೆ ತಂದು ಕಲೆತು ಉಣ್ಣುವ ಕೂಟಕ್ಕೆ ಇದನ್ನು ಚೌಕಚೌಕವಾಗಿ ಕೊಯ್ದು ಒಯ್ದಿದ್ದೆ. ಹಳದಿ ಬಣ್ಣ, ನಡುವೆ ಹಸಿರು ಸೊಪ್ಪು. ಪಕ್ಕದಲ್ಲೇ ಯಾರೋ ತಂದ ಢೋಕ್ಲಾದ ತಟ್ಟೆ. ಮಗನ ಮನೆಗೆಂದು ಊರಿನಿಂದ ಬಂದಿದ್ದ ವೃದ್ಧೆಯೊಬ್ಬರು ಕಡಲೆಹಿಟ್ಟಿನದೆಂದು ತಿಳಿದು ಒಂದು ತುಂಡು ತಿಂದರು. "ಯಾವ ಹಿಟ್ಟಮ್ಮ ಇದು, ಇಷ್ಟು ಮೆತ್ತಗಿದೆ?" ಎಂದು ನನ್ನನ್ನೇ ಕೇಳಿದರು. ನಾನು ಉತ್ತರ ಹೇಳಿದೆ. ಅವರು ತಟ್ಟೆಯನ್ನು ಕೆಳಗಿಟ್ಟು, ಬಾಯಿ ಮುಕ್ಕಳಿಸಿ ಬಂದು, ಒಂದು ಮೂಲೆಯಲ್ಲಿ ಕುಳಿತರು. ಆ ಸಂಜೆ ಮತ್ತೇನನ್ನೂ ಮುಟ್ಟಲಿಲ್ಲ. ಯಾರ ಮೇಲೂ ದೂರು ಹೇಳಲಿಲ್ಲ.

ಮರುದಿನ ಅವರಿದ್ದಲ್ಲಿಗೆ ಹೋಗಿ ಕ್ಷಮೆ ಕೇಳಿದೆ. "ತಿಳಿದು ಮಾಡಿದ್ದಲ್ಲವಲ್ಲ, ಬಿಡಮ್ಮ. ಎಲ್ಲರ ಮನೆಯ ದೋಸೆಯೂ ತೂತೇ. ಆದರೆ ಇನ್ನು ಮೇಲೆ ಒಂದು ಚೀಟಿ ಇಡು" ಎಂದರು. ಎಪ್ಪತ್ತು ವರ್ಷ ಪಾಲಿಸಿಕೊಂಡು ಬಂದ ನೇಮವೊಂದು ನನ್ನ ಅಲಕ್ಷ್ಯದಿಂದ ಮುರಿದಿತ್ತು. ಅವರು ಅದನ್ನು ಒಂದು ಚೀಟಿಯ ಮಾತಿನಲ್ಲಿ ಮುಗಿಸಿದರು. ಮೊಟ್ಟೆ ತಿನ್ನುವುದು ಸರಿಯೇ ತಪ್ಪೇ ಎಂಬ ಚರ್ಚೆಗೆ ನಾನು ಹೋಗಲಾರೆ. ತಿನ್ನುವವರಿಗೂ ತಿನ್ನದವರಿಗೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಧೈರ್ಯ ಬರಬೇಕಾದರೆ, ತಟ್ಟೆಯಲ್ಲಿರುವುದೇನೆಂಬುದು ಮೊದಲೇ ತಿಳಿದಿರಬೇಕು. ಮೊಟ್ಟೆ ಒಗ್ಗದ ಮೈಯುಳ್ಳ ಮಕ್ಕಳಿಗಂತೂ ಇದು ಆರೋಗ್ಯದ ಪ್ರಶ್ನೆ.

ಆ ಬಳಿಕ ನಾನು ಕಲಿತದ್ದು ಫರಿನಾಟಾ. ಇಟಲಿಯ ಜೆನೊವಾ ಸೀಮೆಯ, ಮೊಟ್ಟೆಯಿಲ್ಲದ ಕಡಲೆಹಿಟ್ಟಿನ ರೊಟ್ಟಿ ಇದು. 150 ಗ್ರಾಂ ಕಡಲೆಹಿಟ್ಟನ್ನು 450 ಮಿಲಿಲೀಟರ್ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ನಾಲ್ಕು ತಾಸು ಬಿಟ್ಟು, ಮೇಲಿನ ನೊರೆ ತೆಗೆದು, ಒಂದು ಚಿಕ್ಕ ಚಮಚ ಉಪ್ಪು, 3 ದೊಡ್ಡ ಚಮಚ ಆಲಿವ್ ಎಣ್ಣೆ ಬೆರೆಸಿರಿ. ಇಪ್ಪತ್ತೈದು ಸೆಂಟಿಮೀಟರ್ ಅಗಲದ ಪಾತ್ರೆಗೆ ಎಣ್ಣೆ ಸವರಿ ಹೊಯ್ದು, 220 ಡಿಗ್ರಿಯಲ್ಲಿ ಅರ್ಧ ತಾಸು, ಮೇಲೆ ಹೊಂಬಣ್ಣ ಬರುವವರೆಗೆ ಬೇಯಿಸಿರಿ. ಅಲ್ಲಿಯವರು ಕಾಬೂಲಿ ಕಡಲೆಯ ಹಿಟ್ಟನ್ನು ಬಳಸುತ್ತಾರೆ. ನಮ್ಮ ಕಡಲೆಬೇಳೆಯ ಹಿಟ್ಟಿನಿಂದಲೂ ಸೊಗಸಾಗಿಯೇ ಬರುತ್ತದೆ. ಇದಕ್ಕೆ ಪಾತ್ರೆ ಬೇರೆ, ಚಾಕು ಬೇರೆ. ಓವನ್ನಿಗೆ ಹೋಗುವ ಸರದಿಯೂ ಇದರದೇ ಮೊದಲು.

ಮುಂದಿನ ವರ್ಷದ ದೀಪಾವಳಿಗೆ ಎರಡು ತಟ್ಟೆ, ಎರಡು ಚೀಟಿ ಇಟ್ಟೆ: 'ಮೊಟ್ಟೆಯುಂಟು', 'ಮೊಟ್ಟೆಯಿಲ್ಲ'. ಆ ತಾಯಿ ಮತ್ತೆ ಬಂದಿದ್ದರು. ಕನ್ನಡಕ ಏರಿಸಿ ಚೀಟಿಯನ್ನು ಎರಡು ಬಾರಿ ಓದಿ, ಫರಿನಾಟಾದ ಒಂದು ತುಂಡು ತೆಗೆದುಕೊಂಡು, "ಉಪ್ಪು ಒಂದು ಕೈ ಮುಂದು" ಎಂದರು. ನನಗೆ ಅಷ್ಟೇ ಸಾಕಾಗಿತ್ತು.

ಈ ಸಮ್ಮೇಳನದ ಭೋಜನಶಾಲೆಯಲ್ಲೂ ನಿಮ್ಮ ನಿಮ್ಮ ಊರಿನ ಕೂಟಗಳಲ್ಲೂ ಆ ಪುಟ್ಟ ಚೀಟಿಗಳು ತಪ್ಪದೆ ಕಾಣಿಸಲಿ ಎಂದು ಹಾರೈಸುತ್ತೇನೆ.