ಇಂಗ್ಲಿಷಿನ ಹಂಬಲವೂ ಅಭ್ಯಾಸದ ಅಭಾವವೂ

ವರ್ಷ ವರ್ಷವೂ ಮೇ ತಿಂಗಳ ಕಡೆಯಲ್ಲಿ ಶಾಲೆಗಳ ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ಹಳ್ಳಿಪಳ್ಳಿಗಳಲ್ಲಿಯೂ ಒಂದು ದೃಶ್ಯವು ಕಾಣಬರುತ್ತದೆ. ಊರ ನಡುವಣ ಸರಕಾರೀ ಕನ್ನಡ ಶಾಲೆಯ ಮುಂದೆಯೇ ಹಳದಿ ಬಣ್ಣದ ಬಸ್ಸು ಬಂದು ನಿಲ್ಲುತ್ತದೆ. ಕೊರಳಪಟ್ಟಿ ಕಟ್ಟಿದ ಹಸುಳೆಗಳು ಅದನ್ನೇರಿ ದೂರದ ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೊರಡುತ್ತವೆ. ಅದರ ಫೀಜಿಗಾಗಿ ತಂದೆಯು ಎತ್ತು ಮಾರಿದನೋ, ತಾಯಿಯು ಕೊರಳ ಬಂಗಾರವನ್ನು ಒತ್ತೆಯಿಟ್ಟಳೋ, ವಿಚಾರಿಸುವವರಿಲ್ಲ. ಇದನ್ನು ಕಂಡು ಕನ್ನಡಾಭಿಮಾನಿಗಳು ಪಾಲಕರನ್ನು ಹಳಿಯುತ್ತಾರೆ. ಸರಕಾರವು ತನ್ನ ಶಾಲೆಗಳ ಮೇಲೆಯೂ ಇಂಗ್ಲಿಷ್ ಮಾಧ್ಯಮವೆಂಬ ಫಲಕವನ್ನು ತೂಗಹಾಕುತ್ತದೆ. ಹಳಿಯುವವರೂ ಫಲಕ ತೂಗುವವರೂ ಒಂದು ಸಣ್ಣ ಪ್ರಶ್ನೆಯನ್ನು ಕೈಬಿಟ್ಟಿದ್ದಾರೆಂದು ನಮಗೆ ತೋರುತ್ತದೆ. ಕನ್ನಡ ಶಾಲೆಯಲ್ಲಿ ಇಂಗ್ಲಿಷು ಒಂದು ವಿಷಯವಾಗಿ ಇದ್ದೇ ಇದೆಯಷ್ಟೆ. ಆ ವಿಷಯದ ತಾಸಿನಲ್ಲಿ ನಡೆಯುವುದೇನು?

ಮಾಧ್ಯಮದ ವಾದವು ವಾಚಕರಿಗೆ ತಿಳಿದ ಸಂಗತಿ. 1982ರಲ್ಲಿ ಗೋಕಾಕ ವರದಿಯ ಸಲುವಾಗಿ ನಾಡೆಲ್ಲವೂ ಬೀದಿಗಿಳಿಯಿತು. 1994ರಲ್ಲಿ ಸರಕಾರವು ಮೊದಲ ನಾಲ್ಕು ತರಗತಿಗಳ ಶಿಕ್ಷಣವು ಮಾತೃಭಾಷೆಯಲ್ಲಿ ಇಲ್ಲವೆ ಕನ್ನಡದಲ್ಲಿಯೇ ಆಗತಕ್ಕದ್ದೆಂದು ಆಜ್ಞೆ ಹೊರಡಿಸಿತು; ಇಪ್ಪತ್ತು ವರ್ಷಗಳ ವ್ಯಾಜ್ಯದ ತರುವಾಯ 2014ರ ಮೇ ತಿಂಗಳಲ್ಲಿ ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠವು ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿನ ಪರವಾಗಿ ಪಾಲಕರದೆಂದು ತೀರ್ಪಿತ್ತಿತು. ಈ ನಡುವೆ 2007ರಲ್ಲಿ ಸರಕಾರೀ ಶಾಲೆಗಳ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಒಂದು ವಿಷಯವಾಗಿ ಬಂದಿತು. 2019ರಲ್ಲಿ ಒಂದು ಸಾವಿರ ಸರಕಾರೀ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಕೋರ್ಟು ಹಕ್ಕನ್ನು ಕೊಟ್ಟಿತು, ಸರಕಾರವು ಫಲಕವನ್ನು ಕೊಟ್ಟಿತು. ಕಲಿಸಬಲ್ಲ ಮಾಸ್ತರನನ್ನು ಕೊಡುವ ಹೊಣೆ ಮಾತ್ರ ಯಾರ ಪಾಲಿಗೂ ಬಂದಂತೆ ಕಾಣುವುದಿಲ್ಲ. ಹತ್ತು ವರ್ಷ ಇಂಗ್ಲಿಷು ಓದಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತ ಹುಡುಗನ ಕೈಗೆ ಪಠ್ಯಪುಸ್ತಕದಲ್ಲಿಲ್ಲದ ಅರ್ಧ ಪುಟದ ಇಂಗ್ಲಿಷ್ ಬರಹವನ್ನು ಕೊಟ್ಟು, ಇದರಲ್ಲೇನಿದೆ ಹೇಳು ಎಂದರೆ, ಅವನು ಮಾಸ್ತರರ ಮುಖವನ್ನು ನೋಡುತ್ತಾನೆ.

ಇಂಗ್ಲಿಷಿನ ಹಂಬಲವು ಪಾಲಕರ ಮರುಳೆಂದು ನಾವು ಎಣಿಸುವುದಿಲ್ಲ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು ಸರಕಾರೀ ನೌಕರಿಯಲ್ಲಿ ಇಂಗ್ಲಿಷು ಕಲಿತವರಿಗೆ ಪ್ರಾಶಸ್ತ್ಯವೆಂದು ಸಾರಿದಂದಿನಿಂದ ಅನ್ನಕ್ಕೂ ಆ ಭಾಷೆಗೂ ಗಂಟುಬಿದ್ದಿದೆ. ಸ್ವರಾಜ್ಯವು ಬಂದರೂ ಆ ಗಂಟು ಬಿಚ್ಚಲಿಲ್ಲ. ನಮ್ಮ ರಾಷ್ಟ್ರಪುರುಷರು ಇದನ್ನು ಅರಿಯದವರಾಗಿರಲಿಲ್ಲ. ಚಿಪಳೂಣಕರರೂ ಟಿಳಕರೂ 1880ರಲ್ಲಿ ಪುಣೆಯಲ್ಲಿ ತೆರೆದ ಸ್ವದೇಶೀ ಶಾಲೆಗೆ ಇಟ್ಟ ಹೆಸರು ನ್ಯೂ ಇಂಗ್ಲಿಷ್ ಸ್ಕೂಲ್ ಎಂಬುದೇ. ಮರುವರ್ಷ ಹೊರಟ ಅವರ ಎರಡು ಪತ್ರಿಕೆಗಳಲ್ಲಿ ‘ಕೇಸರಿ’ಯು ಮರಾಠಿಯಲ್ಲಿತ್ತು, ‘ಮರಾಠಾ’ ಇಂಗ್ಲಿಷಿನಲ್ಲಿತ್ತು. ನಮ್ಮಲ್ಲಿ 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಅಧ್ಯಾಪಕರೇ ಆಗಿದ್ದರು. ಪರಭಾಷೆಯನ್ನು ಚೆನ್ನಾಗಿ ಕಲಿತವರೇ ಸ್ವಭಾಷೆಯ ಏಳಿಗೆಗೆ ದುಡಿದರು.

ಇಲ್ಲಿ ನಮ್ಮ ತಪ್ಪೊಂದನ್ನೂ ಒಪ್ಪಿಕೊಳ್ಳಬೇಕಾಗಿದೆ. ಕನ್ನಡ ಮಾಧ್ಯಮದ ಪರವಾಗಿ ನಾವು ಈ ಅಂಕಣದಲ್ಲಿ ಅನೇಕ ಸಲ ಬರೆದಿದ್ದೇವೆ; ಬರೆದುದರಿಂದ ಹಿಂದೆಗೆಯುವುದಿಲ್ಲ. ಮಗುವು ಲೆಕ್ಕವನ್ನೂ ಲೋಕವನ್ನೂ ತಾಯ್ನುಡಿಯಲ್ಲಿ ತಿಳಿಯುವುದೇ ಸಹಜವೆಂಬ ನಮ್ಮ ನಂಬುಗೆಯು ಇಂದಿಗೂ ಅಚಲವಾಗಿದೆ. ಆದರೆ ಕನ್ನಡ ಶಾಲೆಯ ಮಗುವಿಗೆ ಇಂಗ್ಲಿಷನ್ನು ಸರಿಯಾಗಿ ಕಲಿಸಿರೆಂದು ನಾವು ಒಂದು ಅಗ್ರಲೇಖವನ್ನಾದರೂ ಬರೆದೆವೇ? ಇಲ್ಲ. ಸಮ್ಮೇಳನಗಳ ವೇದಿಕೆಗಳ ಮೇಲೆ ಕುಳಿತವರ, ಪತ್ರಿಕಾ ಕಚೇರಿಗಳಲ್ಲಿ ಕುಳಿತವರ ಮಕ್ಕಳು ಹೆಚ್ಚಾಗಿ ಯಾವ ಶಾಲೆಗಳಲ್ಲಿ ಓದಿದರೆಂಬುದು ಊರಿಗೆಲ್ಲ ಗೊತ್ತು. ಅಂಥವರು ಕೂಲಿಕಾರನ ಮುಂದೆ ಹೇಳುವ ಕನ್ನಡಾಭಿಮಾನದ ಪಾಠವನ್ನು ಅವನು ತಲೆಯಾಡಿಸಿ ಕೇಳುತ್ತಾನೆ, ಮರುದಿನ ಮಗನನ್ನು ಹಳದಿ ಬಸ್ಸಿಗೆ ಹತ್ತಿಸುತ್ತಾನೆ.

ಇನ್ನು ಆ ತಾಸಿನೊಳಗೆ ಹೊಕ್ಕು ನೋಡೋಣ. ವ್ಯಾಕರಣವೆಂದರೆ ಕಪ್ಪುಹಲಗೆಯ ಮೇಲೆ ನಾಮಪದದ ಲಕ್ಷಣ, ಕ್ರಿಯಾಪದದ ಲಕ್ಷಣ. ಹುಡುಗರು ಅದನ್ನು ಬರೆದುಕೊಳ್ಳುತ್ತಾರೆ, ಒಕ್ಕೊರಲಿನಿಂದ ಒಪ್ಪಿಸುತ್ತಾರೆ. ಮೇಲಿನ ತರಗತಿಗೆ ಬಂದರೆ ರೆನ್ ಮತ್ತು ಮಾರ್ಟಿನ್ ಎಂಬ ಜೋಡಿಯ ಪುಸ್ತಕ. 1930ರ ದಶಕದಲ್ಲಿ ಹುಟ್ಟಿದ ಆ ಗ್ರಂಥವು ಇನ್ನೂ ನಮ್ಮ ನಾಡಿನಲ್ಲಿ ಆಳುತ್ತಿದೆ. (ರೆನ್ ಮಹಾಶಯನು ಮರುಭೂಮಿಯ ಸಿಪಾಯಿಗಳ ಕಾದಂಬರಿಗಳನ್ನು ಬರೆದು ಹೆಸರಾದವನು. ಆ ಕಾದಂಬರಿಗಳಲ್ಲಿ ಒಂದನ್ನು ಓದಿದ್ದರೆ ಅವನ ವ್ಯಾಕರಣಕ್ಕಿಂತ ಹೆಚ್ಚು ಇಂಗ್ಲಿಷು ನಮ್ಮ ಹುಡುಗರಿಗೆ ಬರುತ್ತಿತ್ತೋ ಏನೋ!) ಆ ಪುಸ್ತಕದಲ್ಲಿ ದೋಷವಿದೆಯೆಂದು ನಾವು ಹೇಳುತ್ತಿಲ್ಲ. ಭಾಷೆಯನ್ನು ಆಗಲೇ ಅಷ್ಟಿಷ್ಟು ಬಲ್ಲವನಿಗೆ ಅದು ಒರೆಗಲ್ಲು. ಬಂಗಾರವೇ ಇಲ್ಲದವನಿಗೆ ಒರೆಗಲ್ಲಿನಿಂದ ಆಗುವುದೇನು?

ಕನ್ನಡದ ಮಗುವು ಇಂಗ್ಲಿಷಿನಲ್ಲಿ ಎಲ್ಲಿ ಎಡವುತ್ತದೆಂಬುದನ್ನು ಯಾರೂ ಅದಕ್ಕೆ ಕನ್ನಡದಲ್ಲಿ ತಿಳಿಸಿ ಹೇಳುವುದಿಲ್ಲ. ನಮ್ಮ ಮಾತಿನಲ್ಲಿ ಪೆಟ್ಟಿಗೆಯಲ್ಲಿ, ನಿಲ್ದಾಣದಲ್ಲಿ, ಬಸ್ಸಿನಲ್ಲಿ ಎಂಬ ಮೂರಕ್ಕೂ ಒಂದೇ ಪ್ರತ್ಯಯವು ಸಾಕು. ಇಂಗ್ಲಿಷಿನವನು ಒಂದಕ್ಕೆ ‘ಇನ್’, ಒಂದಕ್ಕೆ ‘ಎಟ್’, ಒಂದಕ್ಕೆ ‘ಆನ್’ ಎನ್ನುತ್ತಾನೆ, ಅದೂ ನಾಮಪದದ ಮುಂದುಗಡೆಯಲ್ಲಿ. ನನಗೆ ಇಬ್ಬರು ತಮ್ಮಂದಿರಿದ್ದಾರೆ ಎಂದು ನಾವು ಚತುರ್ಥಿಯಲ್ಲಿ ಹೇಳುವುದನ್ನು ಅವನು ‘ಐ ಹ್ಯಾವ್’ ಎಂದು ಪ್ರಥಮೆಯಲ್ಲಿ ಹೇಳುತ್ತಾನೆ. ಆ ‘ಹ್ಯಾವ್’ ಎಂಬುದಕ್ಕೆ ಸರಿಯಾದ ಕ್ರಿಯಾಪದವೇ ನಮ್ಮಲ್ಲಿಲ್ಲ. ಬಂದನು ಎಂಬುದರ ಕೊನೆಯನ್ನು ಎಳೆದು ಬಂದನೇ ಎಂದರೆ ನಮಗೆ ಪ್ರಶ್ನೆಯಾಯಿತು. ಅವನಾದರೋ ಹೊಸದೊಂದು ‘ಡಿಡ್’ ಅನ್ನು ಮುಂದಿಟ್ಟು, ‘ಕೇಮ್’ ಎಂಬ ಭೂತರೂಪವನ್ನು ‘ಕಮ್’ ಎಂಬ ಮೂಲಕ್ಕೆ ಮರಳಿಸುತ್ತಾನೆ. ಇದನ್ನು ತಿಳಿಯದೆ ಹುಡುಗನು ‘ಡಿಡ್ ಹಿ ಕೇಮ್’ ಎಂದರೆ ಮಾಸ್ತರರು ಕೆಂಪು ಗೆರೆ ಎಳೆದು ಮುಂದೆ ಸಾಗುತ್ತಾರೆ. ಆ ಗೆರೆಯ ಬದಲು ಎರಡು ಕನ್ನಡ ವಾಕ್ಯಗಳನ್ನೂ ಎರಡು ಇಂಗ್ಲಿಷ್ ವಾಕ್ಯಗಳನ್ನೂ ಹಲಗೆಯ ಮೇಲೆ ಎದುರುಬದುರಾಗಿ ಬರೆದು, ಅಂಥವೇ ಇಪ್ಪತ್ತನ್ನು ಬಾಯಿಂದ ಆಡಿಸಿ, ಹತ್ತನ್ನು ಕೈಯಿಂದ ಬರೆಸಿದ್ದರೆ, ಆ ತಪ್ಪು ಮತ್ತೆ ತಲೆಯೆತ್ತುವುದು ಅಪರೂಪವಾಗುತ್ತಿತ್ತು. ಮುಂಬಯಿ ಇಲಾಖೆಯ ಮರಾಠೀ ವಿದ್ಯಾರ್ಥಿಗಳು ತಲೆಮಾರುಗಳ ಕಾಲ ತರ್ಖಡಕರರ ಭಾಷಾಂತರ ಪಾಠಮಾಲೆಯಿಂದ ಇಂಗ್ಲಿಷು ಕಲಿತುದು ಬಹುಮಟ್ಟಿಗೆ ಈ ದಾರಿಯಿಂದಲೇ. ಇಂಗ್ಲಿಷ್ ತಾಸಿನಲ್ಲಿ ಕನ್ನಡದ ಸೊಲ್ಲೆತ್ತಿದರೆ ದಂಡ ಹಾಕುವ ಶಾಲೆಗಳಿಗೆ ಈ ಮಾತು ಹಿಡಿಸಲಾರದೆಂದು ನಾವು ಬಲ್ಲೆವು.

ಕಂಠಪಾಠವನ್ನು ಬೈಯುವುದು ಈಗಿನ ಶಿಕ್ಷಣಪಂಡಿತರ ರೂಢಿ. ನಾವು ಪಾಠಶಾಲೆಯ ಜಗಲಿಯಲ್ಲಿ ಶಬ್ದರೂಪಗಳನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿ ಬೆಳೆದವರಾದುದರಿಂದ ಆ ಬೈಗಳಲ್ಲಿ ಪೂರ್ತಿಯಾಗಿ ಪಾಲುಗೊಳ್ಳಲಾರೆವು. ಆದರೆ ಭೇದವೊಂದನ್ನು ಗಮನಿಸಬೇಕು. ಅಮರವನ್ನು ಬೆಳಗಿನಲ್ಲಿ ಒಪ್ಪಿಸಿದ ಹುಡುಗನು ಮಧ್ಯಾಹ್ನ ರಘುವಂಶದ ಶ್ಲೋಕಕ್ಕೆ ಅನ್ವಯ ಹೇಳಬೇಕಾಗಿತ್ತು. ಬಾಯಲ್ಲಿದ್ದ ಶಬ್ದವು ಅಲ್ಲಿ ಕಾವ್ಯದೊಳಗೆ ಎದುರಾಗಿ ತನ್ನ ಅರ್ಥವನ್ನು ತಾನೇ ಹೇಳುತ್ತಿತ್ತು. ಇಂದಿನ ಹುಡುಗನು ಬಾಯಿಪಾಠ ಮಾಡುವುದು ಪೇಟೆಯ ಗೈಡಿನ ಉತ್ತರಗಳನ್ನು. ಅವು ಪರೀಕ್ಷೆಯ ಕಾಗದಕ್ಕೆ ಇಳಿದು ಅಲ್ಲಿಯೇ ಉಳಿಯುತ್ತವೆ.

ಶಬ್ದಸಂಗ್ರಹದ ಮಾತಿನಲ್ಲಿ ನಮ್ಮ ಮಕ್ಕಳು ತಾವು ತಿಳಿದುದಕ್ಕಿಂತ ಸಿರಿವಂತರು. ಬಸ್ಸು, ಟಿಕೀಟು, ಲೈಟು, ಬ್ಯಾಂಕು, ಕೋರ್ಟು, ರೇಷನ್ ಕಾರ್ಡು, ಚಾರ್ಜು, ಇಂಜೆಕ್ಷನ್ನು. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಹಳ್ಳಿಯ ಮಗುವಿನ ನಾಲಗೆಯ ಮೇಲೆ ಇಂಥ ಶಬ್ದಗಳು ನೂರಾರು ಇರುತ್ತವೆ. ಅವುಗಳ ಅಕ್ಷರರೂಪವನ್ನು ತೋರಿಸಿದರೆ ಓದಿನ ಮೊದಲ ಪಾಠವು ನಗುನಗುತ್ತ ಮುಗಿಯುತ್ತದೆ. ಆಡಿದಂತೆ ಬರೆದು ಬರೆದಂತೆ ಓದುವ ಲಿಪಿಯಿಂದ ಬಂದ ಮಗುವಿಗೆ ಇಂಗ್ಲಿಷಿನ ಕಾಗುಣಿತವು ಅನ್ಯಾಯವಾಗಿಯೇ ತೋರುವುದು ಸಹಜ. ‘ಓ, ಯು, ಜಿ, ಎಚ್’ ಎಂಬ ನಾಲ್ಕು ಅಕ್ಷರಗಳು ‘ದೋ’ ಎಂಬಲ್ಲಿ ಒಂದು ಸ್ವರ, ‘ಥ್ರೂ’ ಎಂಬಲ್ಲಿ ಇನ್ನೊಂದು, ‘ಟಫ್’ ಎಂಬಲ್ಲಿ ಬೇರೊಂದು ಎಂದು ಬದಲಾದರೆ ಅದು ಯಾವ ನ್ಯಾಯ? ನ್ಯಾಯವಿಲ್ಲವೆಂದು ಮಾಸ್ತರರೇ ಒಪ್ಪಿಕೊಂಡರೆ ಮಗುವಿನ ಅಂಜಿಕೆಯು ಅರ್ಧ ಇಳಿಯುತ್ತದೆ. ಉಳಿದರ್ಧವು ಇಳಿಯುವುದು ಮತ್ತೆ ಮತ್ತೆ ಓದುವುದರಿಂದ.

ಓದು ಎಂಬಲ್ಲಿಗೆ ಬಂದರೆ ನಾವು ಒಬ್ಬ ಪರದೇಶೀಯನನ್ನು ನೆನೆಯಬೇಕಾಗುತ್ತದೆ. ಢಾಕಾದ ಶಿಕ್ಷಕರ ಕಾಲೇಜಿನ ಮುಖ್ಯಸ್ಥನಾಗಿದ್ದ ಮೈಕೇಲ್ ವೆಸ್ಟನು 1926ರಲ್ಲಿ ಬಂಗಾಲದ ದ್ವಿಭಾಷಾಸ್ಥಿತಿಯನ್ನು ಕುರಿತು ಗ್ರಂಥವೊಂದನ್ನು ಬರೆದನು. ಬಡ ಹುಡುಗರಲ್ಲಿ ಬಹುಮಂದಿ ಶಾಲೆಯನ್ನು ನಡುವೆಯೇ ಬಿಟ್ಟುಹೋಗುವುದನ್ನು ಅವನು ಕಂಡಿದ್ದನು. ವಿಮೆಯನ್ನು ಅವಧಿಗೆ ಮುಂಚೆ ಬಿಟ್ಟವನಿಗೂ ಅಷ್ಟಿಷ್ಟು ಹಣವು ಮರಳಿ ಬರುವಂತೆ, ಶಾಲೆಯನ್ನು ಯಾವ ವರ್ಷ ಬಿಟ್ಟರೂ ಆ ಹುಡುಗನ ಕೈಯಲ್ಲಿ ಏನಾದರೂ ಉಳಿಯಬೇಕೆಂದು ಅವನ ವಾದ. ಹಾಗೆ ಉಳಿಯತಕ್ಕುದು ಓದುವ ಶಕ್ತಿಯೇ ಎಂದು ಅವನು ಎಣಿಸಿದನು. ಆದುದರಿಂದ ಹೊಸ ಶಬ್ದಗಳನ್ನು ಎಣಿಸಿ ಎಣಿಸಿ, ಒಂದೊಂದನ್ನೂ ಮರಳಿ ಮರಳಿ ಬರುವಂತೆ ಮಾಡಿ, ಸುಲಭವಾದ ವಾಚನಮಾಲೆಗಳನ್ನು ಬರೆದನು. 1953ರಲ್ಲಿ ಅವನು ಪ್ರಕಟಿಸಿದ ಪಟ್ಟಿಯಲ್ಲಿ ನಿತ್ಯದ ಬಳಕೆಯ ಶಬ್ದಗಳು ಸುಮಾರು 2,000 ಇದ್ದವು. ಹತ್ತು ವರ್ಷಗಳಿಗೆ ಎರಡು ಸಾವಿರವೆಂದರೆ ಶಾಲೆಯ ದಿನಕ್ಕೆ ಒಂದು ಶಬ್ದವೂ ಬೀಳುವುದಿಲ್ಲ! ಬಂಗಾಲದ ಬಡ ಹುಡುಗನನ್ನು ಕಣ್ಣಮುಂದಿಟ್ಟು ಹೊಳೆದ ಈ ವಿಚಾರವು ನಮ್ಮ ಬಡ ಹುಡುಗನ ಶಾಲೆಯನ್ನು ಇನ್ನೂ ತಲುಪಿಲ್ಲ. ಅವನು ವರ್ಷವೆಲ್ಲ ಓದುವುದು ಒಂದೇ ಪಠ್ಯಪುಸ್ತಕ. ಅದನ್ನೂ ಮಾಸ್ತರರು ಓದುತ್ತಾರೆ, ಅವನು ಹಿಂದಿನಿಂದ ದನಿಗೂಡಿಸುತ್ತಾನೆ; ಒಂದು ಪುಟವನ್ನಾದರೂ ತಾನೊಬ್ಬನೇ ಕುಳಿತು ತುಟಿಯಾಡಿಸದೆ ಓದಿ ಅರ್ಥಮಾಡಿಕೊಳ್ಳುವ ಅವಕಾಶವು ಅವನಿಗೆ ಒದಗುವುದಿಲ್ಲ.

ನಮ್ಮ ಬೆಂಗಳೂರಿನ ಹೆಸರನ್ನೇ ಹೊತ್ತ ಪ್ರಯೋಗವೊಂದು ಭಾಷಾಶಿಕ್ಷಣದ ಪಂಡಿತರಲ್ಲಿ ಲೋಕಪ್ರಸಿದ್ಧವಾಗಿದೆಯೆಂಬುದನ್ನು ವಾಚಕರಲ್ಲಿ ಎಷ್ಟು ಮಂದಿ ಬಲ್ಲರೋ! 1979ರಿಂದ 1984ರ ವರೆಗೆ ಎನ್. ಎಸ್. ಪ್ರಭು ಎಂಬವರು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅದನ್ನು ನಡೆಯಿಸಿದರು. ರೈಲಿನ ವೇಳಾಪತ್ರಿಕೆಯನ್ನೋ ಊರಿನ ನಕ್ಷೆಯನ್ನೋ ಮಕ್ಕಳ ಮುಂದಿಟ್ಟು, ಯಾವ ಗಾಡಿ ಬೇಗ ಮುಟ್ಟುತ್ತದೆ, ಯಾವ ದಾರಿ ಹತ್ತಿರ ಎಂದು ಇಂಗ್ಲಿಷಿನಲ್ಲಿ ಬಿಡಿಸಹಚ್ಚುವುದು ಅವರ ಕ್ರಮ. ಮನಸ್ಸು ಅರ್ಥದ ಬೆನ್ನುಹತ್ತಿದಾಗ ವ್ಯಾಕರಣವು ತಾನಾಗಿ ಒಳಗಿಳಿಯುತ್ತದೆಂಬುದು ಅದರ ತತ್ತ್ವ. ಪರೀಕ್ಷಿಸಿದವರು ಮಟ್ಟಿಗೆ ಮಟ್ಟಿಗೆ ಅನುಕೂಲವಾದ ಅಭಿಪ್ರಾಯವನ್ನೇ ಕೊಟ್ಟರು. ಆದರೆ ಶಾಲೆಯ ಸಾಮಾನ್ಯ ಮಾಸ್ತರರಿಗೆ ಆ ಕ್ರಮವನ್ನು ನಡೆಯಿಸುವುದು ದುಸ್ತರವಾಯಿತೆಂಬ ಸಂಗತಿಯೂ ಮುಂದೆ ಹೊರಬಿದ್ದಿತು. ಇದು ಆಶ್ಚರ್ಯವಲ್ಲ. ವ್ಯಾಕರಣದ ಲಕ್ಷಣವನ್ನು ಹಲಗೆಯ ಮೇಲೆ ಬರೆಯಲು ಭಾಷೆ ಬರಬೇಕಾಗಿಲ್ಲ; ಮಗುವು ಕೇಳಿದ ಅನಿರೀಕ್ಷಿತ ಪ್ರಶ್ನೆಗೆ ಉತ್ತರ ಕೊಡಲು ಬರಬೇಕು. ನಾವು ಮೇಲೆ ಹೊಗಳಿದ ಎದುರುಬದುರು ವಾಕ್ಯಗಳ ಹಳೆಯ ಕ್ರಮವು ಪ್ರಭುಗಳ ಕ್ರಮಕ್ಕೆ ವಿರುದ್ಧವಾದುದೆಂದು ಪಂಡಿತರು ಆಕ್ಷೇಪಿಸಬಹುದು. ಇರಲಿ. ಒಂದು ಹೊತ್ತು ಅದು, ಇನ್ನೊಂದು ಹೊತ್ತು ಇದು ಎಂದು ಎರಡನ್ನೂ ನಡೆಯಿಸಬಲ್ಲ ಮಾಸ್ತರನು ಸಿಕ್ಕರೆ ನಾವು ಪಂಡಿತರೊಡನೆ ವಾದಕ್ಕಿಳಿಯಲಾರೆವು.

ಕಡೆಗೆ ಎಲ್ಲವೂ ಬಂದು ಮುಟ್ಟುವುದು ಆ ಮಾಸ್ತರನಿಗೇ. ಅವನೂ ಇಂಥ ಶಾಲೆಯಲ್ಲಿಯೇ ಓದಿದವನು. ಅವನನ್ನು ಹಳಿದು ಪ್ರಯೋಜನವಿಲ್ಲ. ಮಾಸ್ತರರ ತರಬೇತಿಗೆಂದೇ 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ಸ್ಥಾಪಿತವಾಗಿದೆ. ಅಲ್ಲಿಂದ ಕಲಿತು ಬಂದ ಮಾಸ್ತರರನ್ನು ಜನಗಣತಿ, ಮತದಾರರ ಯಾದಿ, ಬಿಸಿಯೂಟದ ಲೆಕ್ಕ ಎಂದು ಓಡಾಡಿಸಿದರೆ ಕಲಿತ ವಿದ್ಯೆಯು ಯಾರ ಪಾಲಾಗಬೇಕು? ಇಂಗ್ಲಿಷ್ ಮಾಧ್ಯಮದ ಫಲಕ ತೂಗಿದರೆ ಇದೇ ಮಾಸ್ತರನು ಗಣಿತವನ್ನೂ ವಿಜ್ಞಾನವನ್ನೂ ತನಗೆ ಬಾರದ ಭಾಷೆಯಲ್ಲಿ ಹೇಳಬೇಕಾಗುತ್ತದೆ. ಆಗ ಮಗುವು ಇಂಗ್ಲಿಷನ್ನೂ ಕಳೆದುಕೊಂಡು ಗಣಿತವನ್ನೂ ಕಳೆದುಕೊಳ್ಳುತ್ತದೆ. ಫಲಕಗಳಿಗೆ ಮಾಡುವ ವೆಚ್ಚದಲ್ಲಿ ಒಂದು ಪಾಲನ್ನು ತೆಗೆದು ಪ್ರತಿ ಕನ್ನಡ ಶಾಲೆಗೂ ಸುಲಭ ಇಂಗ್ಲಿಷಿನ ನೂರು ಸಣ್ಣ ಕಥೆಪುಸ್ತಕಗಳನ್ನು ಕೊಟ್ಟು, ವಾರಕ್ಕೆ ಎರಡು ತಾಸು ಮಕ್ಕಳು ಅವನ್ನು ಮೌನವಾಗಿ ಓದಲೆಂದು ವೇಳಾಪತ್ರಿಕೆಯಲ್ಲಿ ಬರೆಯಿಸುವುದು ಶಿಕ್ಷಣ ಮಂತ್ರಿಗಳಿಗೆ ಕಠಿಣವಾದ ಕಾರ್ಯವೇನಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿಗೆ 100 ಅಂಕಗಳಿವೆ. ಅವುಗಳಲ್ಲಿ ಹೆಚ್ಚಿನ ಪಾಲನ್ನು ಗೈಡಿನಲ್ಲಿ ಸಿಕ್ಕದ, ಮೊದಲು ಕಾಣದ ಬರಹವನ್ನು ಓದಿ ತಿಳಿಯುವುದಕ್ಕೆ ಇಟ್ಟರೆ, ಕೆಳಗಿನ ತರಗತಿಗಳ ಪಾಠವು ಆಜ್ಞೆಯಿಲ್ಲದೆಯೇ ಬದಲಾದೀತು.

ಸರಕಾರವನ್ನು ಕೇಳಿ ಸುಮ್ಮನೆ ಕೂಡುವುದು ನಮಗೆ ಒಪ್ಪುವುದಿಲ್ಲ. ಬರುವ ಸೋಮವಾರದಿಂದ ಈ ಪತ್ರಿಕೆಯ ಒಳಪುಟದಲ್ಲಿ ವಾರಕ್ಕೊಮ್ಮೆ ಅರ್ಧ ಪುಟವನ್ನು ಐದು, ಆರು, ಏಳನೆಯ ತರಗತಿಗಳ ಮಕ್ಕಳಿಗಾಗಿ ಮೀಸಲಿಡಲು ನಿಶ್ಚಯಿಸಿದ್ದೇವೆ. ಸುಲಭ ಇಂಗ್ಲಿಷಿನಲ್ಲಿ ಒಂದು ಊರಿನ ಸುದ್ದಿ, ಪಕ್ಕದಲ್ಲಿ ಕನ್ನಡದಲ್ಲಿ ಶಬ್ದಾರ್ಥ, ಕೆಳಗೆ ಬಿಡಿಸತಕ್ಕ ನಾಲ್ಕು ಪ್ರಶ್ನೆಗಳು, ಇಷ್ಟೇ. ಶಾಲೆಯ ಹೆಸರಿನಲ್ಲಿ ಬರೆದು ಕೇಳಿದ ಮುಖ್ಯೋಪಾಧ್ಯಾಯರಿಗೆ ಆ ದಿನದ ಇಪ್ಪತ್ತು ಪ್ರತಿಗಳನ್ನು ಬೆಲೆಯಿಲ್ಲದೆ ಕಳಿಸಲಾಗುವುದು. ಅದರಲ್ಲಿ ತಪ್ಪುಗಳು ಕಂಡರೆ ಮಾಸ್ತರರು ನಮ್ಮ ಮೇಲೆಯೂ ಕೆಂಪು ಗೆರೆ ಎಳೆದು ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ.